ಗಂಟೆಯ ಬಾಯಿ ಕಟ್ಟಿದ ಕೋರಲ್

ಕೋರಲ್ ಪಾಸ್ಕೊ ತನ್ನ ಮಗಳಿಗೆ ಹುಟ್ಟಿದಂದಿನಿಂದ ಅತಿ ಹೆಚ್ಚು ಸಲ ಹೇಳಿದ ಮಾತು ಯಾವುದೆಂದು ಸಿಡ್ನಿಯ ದಕ್ಷಿಣಕ್ಕಿರುವ ನಮ್ಮ ಪೋರ್ಟ್ ಕೆಂಬ್ಲಾದಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು: “ನಿಲ್ಲಿಸೇ!” ಉಣ್ಣು ಎಂದದ್ದಕ್ಕಿಂತ, ಓದು ಎಂದದ್ದಕ್ಕಿಂತ ಹೆಚ್ಚು ಸಲ ಹೇಳಿದ್ದು ಇದೊಂದನ್ನೇ. ಹೇಳದೆ ಏನು ಮಾಡಿಯಾಳು ಪಾಪ? ಟೆಗನ್ ಎಂಬ ಆ ಹುಡುಗಿ ಹಾಲು ಕುಡಿಯುವ ವಯಸ್ಸಿನಲ್ಲೇ ಚಮಚ ಹಿಡಿದು ತಟ್ಟೆ ಬಡಿದವಳು. ಆಮೇಲೆ ಸಾಸ್ ಬಾಟಲಿ, ಬಿಸ್ಕತ್ತಿನ ಡಬ್ಬ, ಬಟ್ಟೆ ಒಗೆಯುವ ಮೆಷಿನ್ನಿನ ಮುಚ್ಚಳ. ಅಜ್ಜಿಯನ್ನು ಮಣ್ಣು ಮಾಡಿದ ದಿನ ಚರ್ಚಿನ ಬೆಂಚನ್ನೂ ಬಿಡಲಿಲ್ಲ. ಪಾದ್ರಿ ಪ್ರಾರ್ಥನೆ ಹೇಳುತ್ತಿದ್ದರೆ ಇವಳ ಬೆರಳು ಅದಕ್ಕೆ ತಾಳ ಹಾಕುತ್ತಿತ್ತು.

ಹುಡುಗಿ ಹೈಸ್ಕೂಲಿಗೆ ಕಾಲಿಟ್ಟ ವರ್ಷ ಅಪ್ಪ ಕ್ಲಿಫ್ ಎಲ್ಲಿಂದಲೋ ಹಳೆಯ ಡ್ರಮ್ ಸೆಟ್ಟು ಹೊತ್ತು ತಂದು ಗ್ಯಾರೇಜಿನಲ್ಲಿ ಜೋಡಿಸಿದ. ಕಾರು ಬೀದಿಪಾಲಾಯಿತು. ಕೋರಲ್ ಹಣೆ ಹಣೆ ಚಚ್ಚಿಕೊಂಡಳು.

“ಮೊದ್ಲೇ ಮಂಗ, ಅದಕ್ಕೆ ಹೆಂಡ ಬೇರೆ ಕುಡಿಸಿದ್ಯಲ್ಲೋ ಕ್ಲಿಫ್!”

“ಇರ್ಲಿ ಬಿಡೇ,” ಎಂದ ಕ್ಲಿಫ್. ಅವನು ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವನು. “ಕುಲುಮೆ ಪಕ್ಕ ನಿಂತ್ಕೊಂಡೇ ತೂಕಡಿಸೋನು ನಾನು. ನಂಗಿದು ಜೋಗುಳ ಇದ್ದ ಹಾಗೆ.”

ಅಪ್ಪನಿಗೆ ಜೋಗುಳ, ಅಮ್ಮನಿಗೆ ತಲೆನೋವು. ಮನೆಯಲ್ಲಿ ಅದು, ಕೆಲಸಕ್ಕೆ ಹೋದರೆ ಅಲ್ಲಿ ಇನ್ನೊಂದು. ಕೋರಲ್ ನಮ್ಮೂರಿನ ಮಾಜಿ ಸೈನಿಕರ ಕ್ಲಬ್ಬನ್ನು ನಡೆಸುವವಳು. ಅಧ್ಯಕ್ಷರು ಮರ್ವ್ ಟಿಂಡಲ್ ಎಂಬ ಮುದುಕರು. ಆದರೆ ಅಧ್ಯಕ್ಷತೆ ಅವರದು, ಕತ್ತೆ ದುಡಿಮೆ ಇವಳದು. ಬಿಯರಿನ ನಲ್ಲಿ ಕೆಟ್ಟರೆ ಕೋರಲ್. ಜೂಜಿನ ಮೆಷಿನ್ನು ನಾಣ್ಯ ನುಂಗಿದರೆ ಕೋರಲ್. ಶುಕ್ರವಾರದ ಮಾಂಸದ ಲಾಟರಿಯಲ್ಲಿ ಕುರಿಯ ತೊಡೆ ಬಂದವನು ತನಗೆ ಹಂದಿಮಾಂಸವೇ ಬೇಕಿತ್ತೆಂದು ಮುಖ ಊದಿಸಿಕೊಂಡರೆ ಅವನನ್ನು ರಮಿಸುವುದಕ್ಕೂ ಕೋರಲ್. ಯಾರೋ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಗ್ಲಾಸಿನಲ್ಲಿ ಬಿಟ್ಟು ಹೋದರೆ ಅದನ್ನು ಎತ್ತಿಡುವವಳೂ ಇವಳೇ.

ಇವೆಲ್ಲ ಬೈದುಕೊಂಡು ಮಾಡುವ ಕೆಲಸ. ಬೈಯದೆ ಮಾಡುತ್ತಿದ್ದ ಕೆಲಸ ಒಂದೇ, ಸಂಜೆ ಆರು ಗಂಟೆಯದು. ಆರಕ್ಕೆ ಸರಿಯಾಗಿ ಬಾರಿನ ಪಕ್ಕದ ಹಳೆಯ ಹಡಗಿನ ಗಂಟೆಯನ್ನು ಅವಳು ಬಾರಿಸುತ್ತಾಳೆ. ದೀಪಗಳು ಮಂಕಾಗುತ್ತವೆ. ಜೂಜಿನವನು ಮೆಷಿನ್ನು ಬಿಟ್ಟು, ಕುಡಿಯುವವನು ಗ್ಲಾಸು ಇಟ್ಟು, ಚೈನೀಸ್ ಅಡುಗೆಯವನು ಬಾಣಲೆ ಇಳಿಸಿ ಎದ್ದು ನಿಲ್ಲುತ್ತಾರೆ. ಎಲ್ಲರ ಮುಖವೂ ಪಡುವಣ ಗೋಡೆಯ ಕಡೆಗೆ. ಅಲ್ಲಿ ಯುದ್ಧದಿಂದ ಮರಳಿ ಬಾರದವರ ಹೆಸರಿನ ಹಲಗೆ ಇದೆ. ಸತ್ತವರಿಗಾಗಿ ಕೋರಲ್ ನಾಲ್ಕು ಸಾಲು ಹೇಳುವುದು, ಕೊನೆಯ ಮಾತನ್ನು ಎಲ್ಲರೂ ಒಟ್ಟಿಗೆ ಹೇಳುವುದು, ಆಮೇಲೆ ಒಂದು ನಿಮಿಷ ಮೌನ. ಅಷ್ಟಾದ ಮೇಲೆ ಮತ್ತೆ ದೀಪ, ಮತ್ತೆ ಬಿಯರು, ಮತ್ತೆ ಜಗಳ.

ಹಲಗೆಯ ಕಟ್ಟಕಡೆಯ ಹೆಸರು ಲೈಲ್. ಕೋರಲ್‌ಳ ತಮ್ಮ. ವಿಯೆಟ್ನಾಮಿಗೆ ಹುಡುಗರು ಸಾಲದೆಂದು ಸರಕಾರ ಹುಟ್ಟಿದ ತಾರೀಖುಗಳ ಚೀಟಿ ಎತ್ತಿದಾಗ ಅವನ ತಾರೀಖು ಬಂತು. ಮಾಂಸದ ಲಾಟರಿಯಲ್ಲಿ ಜನ್ಮದಲ್ಲಿ ಒಂದು ಸಾಸೇಜನ್ನೂ ಗೆಲ್ಲದವನಿಗೆ ಈ ಲಾಟರಿ ಹೊಡೆಯಿತು. ಹೋದ, ಬರಲಿಲ್ಲ. ಹಲಗೆಗೆ ಅವನ ಹೆಸರು ಹತ್ತಿದ ವಾರ ಕೋರಲ್ ಗಂಟೆಯ ಹಗ್ಗ ಹಿಡಿದಳು, ಮತ್ತೆ ಯಾರಿಗೂ ಕೊಡಲಿಲ್ಲ.

ಟೆಗನ್ ಬೆಳೆದದ್ದೇ ಆ ಕ್ಲಬ್ಬಿನ ಮೇಜುಗಳ ಕೆಳಗೆ. ಚಿಕ್ಕವಳಿದ್ದಾಗ ಒಂದು ಸಂಜೆ ಆರರ ಮೌನದ ನಡುವೆ ಕರಿದ ಆಲೂಗಡ್ಡೆಯ ಪೊಟ್ಟಣ ಹಿಡಿದು ಕಿಸಕ್ಕನೆ ನಕ್ಕುಬಿಟ್ಟಳು. ಮೌನ ಮುಗಿದದ್ದೇ ತಡ, ಅಮ್ಮ ಅವಳ ಕಿವಿ ಹಿಂಡಿ ಹಲಗೆಯ ಮುಂದೆ ನಿಲ್ಲಿಸಿದಳು. ಇನ್ನೊಂದು ದಿನ ಗಂಟೆಯ ಹಗ್ಗ ಕಿತ್ತುಹೋಗಿತ್ತು. ಸದ್ದಾಗಲಿಲ್ಲವೆಂದು ನಾಲ್ಕಾರು ಜನ ಕೂತೇ ಇದ್ದರು. ಕೋರಲ್ ಕಿಡಿಕಿಡಿಯಾದಳು. “ಗಂಟೆ ಹೊಡೀದಿದ್ರೆ ಆರು ಗಂಟೆ ಆಗಲ್ವೇನ್ರೋ? ಹುಂಜ ಕೂಗದಿದ್ರೆ ಬೆಳಗಾಗಲ್ವಾ? ಏಳ್ರೋ ಮೇಲೆ!” ಮೇಜಿನ ಕೆಳಗಿದ್ದ ಹುಡುಗಿ ಇದನ್ನೆಲ್ಲ ಕಣ್ಣು ಬಿಟ್ಟು ನೋಡುತ್ತಿತ್ತು.

ಹದಿನೇಳಕ್ಕೆ ಟೆಗನ್ ಮತ್ತು ಪಕ್ಕದ ಮನೆಯ ಗೋರಾನ್ ಇನ್ನಿಬ್ಬರನ್ನು ಸೇರಿಸಿಕೊಂಡು ರಾಕ್ ಬ್ಯಾಂಡು ಕಟ್ಟಿದರು. ಗೋರಾನ್‌ನ ಅಪ್ಪ ಅಮ್ಮ ಮ್ಯಾಸಿಡೋನಿಯಾದಿಂದ ಬಂದು ಕಾರ್ಖಾನೆ ಸೇರಿದವರು. ಹುಡುಗನ ಗಂಟಲು ಮಾತ್ರ ಎಲ್ಲಿಂದ ಬಂತೋ ದೇವರೇ ಬಲ್ಲ. ಅವರದೇ ಒಂದು ಹಾಡು. ಕಾರ್ಖಾನೆಯ ಕೆಂಪು ಧೂಳು ಊರಿನ ಹೆಂಗಸರು ಒಗೆದು ಹರವಿದ ಬಟ್ಟೆಯ ಮೇಲೆ ಕೂರುತ್ತದಲ್ಲ, ಅದರ ಮೇಲೆ. “ಬಿಳಿ ಒಗೆದಳು ಅಮ್ಮ, ಕೆಂಪು ಒಣಗಿತು” ಎಂದು ಮೆಲ್ಲಗೆ ಶುರುವಾಗುತ್ತದೆ. ಡ್ರಮ್ಮು ಬಾಗಿಲು ತಟ್ಟಿದ ಹಾಗೆ ಟಕ್ ಟಕ್ ಅನ್ನುತ್ತಿರುತ್ತದೆ. ಅರ್ಧ ದಾಟಿದ ಮೇಲೆ ಅದು ಬಿರುಸಾಗುತ್ತದೆ ಎಂದು ಕೇಳಿದವರು ಹೇಳುತ್ತಿದ್ದರು. ಕೋರಲ್‌ಗೆ ಅದು ಗೊತ್ತಿರಲಿಲ್ಲ. ಅಲ್ಲಿಗೆ ಬರುವಷ್ಟರಲ್ಲಿ ಅವಳು ಅಡುಗೆಮನೆಯ ಕಿಟಕಿಯಿಂದ “ನಿಲ್ಲಿಸೇ!” ಎಂದು ಕೂಗಿರುತ್ತಿದ್ದಳು.

“ದಿನಾ ಬೆಳಗಾದ್ರೆ ನಾವು ಬೈಕೊಳ್ಳೋದನ್ನೇ ಕಿರುಚಿಬಿಟ್ರೆ ಹಾಡಾಗುತ್ತೇನೇ?” ಎಂದು ಕೇಳುತ್ತಿದ್ದಳು. ಕ್ಲಬ್ಬಿನ ನೆಲ ಒರೆಸುವಾಗ ಅದರ ಮೊದಲರ್ಧವನ್ನೇ ಗುನುಗುತ್ತಿದ್ದಳು ಎಂಬುದು ಬೇರೆ ಮಾತು. ಯಾರಾದರೂ ತೋರಿಸಿಕೊಟ್ಟರೆ ಮೈಮೇಲೆ ಬೀಳುತ್ತಿದ್ದಳು.

ಶಾಲೆ ಮುಗಿಯುವ ವರ್ಷ ಟೆಗನ್ ಬಾಂಬು ಹಾಕಿದಳು. ಬ್ಯಾಂಡು ಸಿಡ್ನಿಗೆ ಹೋಗುತ್ತದಂತೆ, ಅಲ್ಲಿ ಮನೆ ಹಿಡಿಯುತ್ತದಂತೆ, ಪಬ್ಬುಗಳಲ್ಲಿ ನುಡಿಸುತ್ತದಂತೆ.

“ಸೂಪರ್ ಮಾರ್ಕೆಟ್ಟಲ್ಲಿ ಗಲ್ಲಾಕ್ಕೆ ಹುಡುಗಿ ಬೇಕಂತೆ, ನಾನು ಆಗ್ಲೇ ಮಾತಾಡಿಟ್ಟಿದೀನಿ,” ಎಂದಳು ಕೋರಲ್.

“ಅಮ್ಮಾ!”

“ಏನಮ್ಮ? ತಗಡು ಬಡಿಯೋರಿಗೆ ಸಿಡ್ನೀಲಿ ಆರತಿ ಎತ್ತಕ್ಕೆ ಯಾರೂ ಕಾಯ್ತಾ ಕೂತಿಲ್ಲ. ನಿಮ್ಮ ಹಾಡನ್ನ ಈ ಊರಿನ ಆಚೆ ಒಬ್ಬ, ಒಬ್ಬನೇ ಒಬ್ಬ ಬೇಕು ಅನ್ಲಿ ನೋಡೋಣ. ಆಗ ಹೋಗು, ನಾನೇ ಕಾರಲ್ಲಿ ಬಿಟ್ಟು ಬರ್ತೀನಿ.”

ಬಾಯಿ ಜಾರಿ ಬಂದ ಮಾತು. ಆದರೆ ದೇವರಿಗೂ ಕಿವಿ ಇರುತ್ತದಲ್ಲ, ಅದೇ ತಿಂಗಳು ಸಿನಿಮಾದವರು ಬಂದಿಳಿದರು.

ನಿರ್ದೇಶಕ ಫೆಲಿಕ್ಸ್ ಎಂಬ ಮೆಲ್ಬರ್ನಿನ ಮನುಷ್ಯ. ಬೆವರು ಸುರಿಯುವ ಬಿಸಿಲಿನಲ್ಲೂ ಕರೀ ಕೋಟು. ಹದಿಹರೆಯದವರ ಮನಸ್ಸಿನ ಭಯದ ಮೇಲೆ ಅವನ ಸಿನಿಮಾ. ಕಾರ್ಖಾನೆಯ ಊರೊಂದಕ್ಕೆ ಹೊಸ ಹುಡುಗಿಯೊಬ್ಬಳು ಬರುತ್ತಾಳೆ. ಬಂದವಳು ನಾಯಕಿಯ ಗೆಳತಿಯಾಗಿ, ಅವಳ ಹಾಗೇ ಕೂದಲು ಕತ್ತರಿಸಿಕೊಂಡು, ಅವಳ ಹಾಗೇ ನಗುತ್ತ, ಒಂದೊಂದಾಗಿ ಅವಳ ಗೆಳೆಯರನ್ನು, ಮನೆಯವರನ್ನು, ಕಡೆಗೆ ಹೆಸರನ್ನೂ ಕಿತ್ತುಕೊಳ್ಳುತ್ತಾಳೆ. ನಾಯಕಿ ಹೇಳಿದರೆ ಯಾರೂ ನಂಬುವುದಿಲ್ಲ. ಊರಿನ ದೊಡ್ಡ ಹಾಲ್‌ನಲ್ಲಿ ನಡೆಯುವ ಕುಣಿತದ ರಾತ್ರಿ, ರಾಕ್ ಸಂಗೀತ ಕಿವಿ ಹರಿಯುತ್ತಿರುವಾಗ, ಇಲ್ಲಿ ತನ್ನವರು ಎಂಬವರು ಒಬ್ಬರೂ ಉಳಿದಿಲ್ಲವೆಂದು ಅವಳಿಗೆ ತಿಳಿಯಬೇಕು.

ಅದಕ್ಕೆ ಹಿಡಿದ ಹಾಲ್ ನಮ್ಮ ಕ್ಲಬ್ಬಿನದು. ಬ್ಯಾಂಡನ್ನು ಹುಡುಕುತ್ತಿದ್ದ ಫೆಲಿಕ್ಸ್ ಒಂದು ಶನಿವಾರ ಹುಡುಗರ ಕುಣಿತಕ್ಕೆ ಬಂದು ಟೆಗನ್ ಕೂಟದ ಹಾಡು ಕೇಳಿದ. ಮುಗಿಯುವ ತನಕ ಕೋಟಿನ ಜೇಬಿನಿಂದ ಕೈ ತೆಗೆಯಲಿಲ್ಲ. ಆಮೇಲೆ ಕೋರಲ್ ಹತ್ತಿರ ಬಂದು ಹೇಳಿದ:

“ಆ ಡ್ರಮ್ ಹುಡುಗಿ ನಿಮ್ಮ ಮಗಳಂತೆ? ಸಿನಿಮಾದಲ್ಲಿ ಇವರೇ ನುಡಿಸ್ಲಿ. ಶಾಟ್ ಚೆನ್ನಾಗಿ ಬಂದ್ರೆ ಹಾಡು ಪೂರ್ತಿ ಇಡ್ತೀನಿ. ಸಿನಿಮಾದ ಹಾಡುಗಳ ಡಿಸ್ಕಲ್ಲೂ ಇರುತ್ತೆ, ದೊಡ್ಡ ದೊಡ್ಡ ಬ್ಯಾಂಡುಗಳ ಜೊತೆ.”

ಟೆಗನ್ ವೇದಿಕೆಯಿಂದ ಇಳಿದು ಬಂದಳು. ಅಮ್ಮನನ್ನು ನೋಡಿದಳು, ಅಷ್ಟೇ. ಕೊಟ್ಟ ಮಾತು ಗಂಟಲಲ್ಲಿ ಮೀನಿನ ಮುಳ್ಳಾಯಿತು ಕೋರಲ್‌ಗೆ.

“ನೋಡ್ತೀನಿ ಬಿಡು. ಮೊದ್ಲು ಸಿನಿಮಾದಲ್ಲಿ ಬರ್ಲಿ,” ಎಂದಳು.

ಚಿತ್ರೀಕರಣ ಒಂದೇ ದಿನ. ಸಂಜೆ ಐದರೊಳಗೆ ಮುಗಿಸಿ ಜಾಗ ಖಾಲಿ ಮಾಡುತ್ತೇವೆಂದು ಫೆಲಿಕ್ಸ್ ಪ್ರಮಾಣ ಮಾಡಿದ್ದ. ಮರ್ವ್ ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದುದರಿಂದ ಕ್ಲಬ್ಬಿಗೆ ಆವತ್ತು ಕೋರಲ್ಲೇ ಯಜಮಾನಿ. ಬೆಳಗ್ಗೆ ಬಂದವರೇ ಆ ಜನ ಕಾರ್ಪೆಟ್ಟಿಗೆ ಅಂಟುಪಟ್ಟಿ ಹಚ್ಚಿದರು. ಬಾರಿನ ತುಂಬ ವೈರು. ಫ್ರಿಜ್ಜಿನ ಗೊರಗೊರ ಸದ್ದು ಮೈಕಿಗೆ ಬೀಳುತ್ತದೆಂದು ಅದನ್ನು ಆರಿಸಿದರು, ಮಾಂಸದ ಲಾಟರಿಯ ಮಾಂಸವೆಲ್ಲ ಒಳಗಿತ್ತು. ಆಮೇಲೆ ಹೆಸರಿನ ಹಲಗೆಯನ್ನು ಇಳಿಸಿ ಎಂದರು.

“ಅದನ್ನ ಮುಟ್ಟಿ ನೋಡಿ, ನಿಮ್ಮನ್ನೇ ಅಲ್ಲಿ ನೇತು ಹಾಕ್ತೀನಿ,” ಎಂದಳು ಕೋರಲ್.

ಕೊನೆಗೆ ಹಲಗೆಯ ಮೇಲೆ ಕರೀ ಬಟ್ಟೆ ಇಳಿಬಿಡುವುದೆಂದು ರಾಜಿಯಾಯಿತು. ಅಷ್ಟಕ್ಕೂ ಅವಳು ಹಲ್ಲು ಕಚ್ಚಿಕೊಂಡೇ ಒಪ್ಪಿದ್ದು. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಸಿನಿಮಾ ಎಂಬ ಕಸುಬಿನ ಮೇಲೇ ಜಿಗುಪ್ಸೆ ಬಂತು. ಊರಿನ ಹುಡುಗ ಹುಡುಗಿಯರನ್ನೆಲ್ಲ ಕುಣಿಯಲು ಕರೆಸಿದ್ದರು. ನಾಯಕಿಯ ಮಾತು ಕೇಳಿಸಬೇಕೆಂದು ಸಂಗೀತವನ್ನು ನಿಲ್ಲಿಸಿ, ಬೂಟು ಬಿಚ್ಚಿಸಿ, ಬರೀ ಸಾಕ್ಸಿನಲ್ಲಿ ಸದ್ದಿಲ್ಲದೆ ಕುಣಿಸಿದರು. ಟೆಗನ್ ಡ್ರಮ್ಮಿಗೆ ತಾಗದ ಹಾಗೆ ಗಾಳಿಯಲ್ಲಿ ಕೋಲು ಬೀಸಬೇಕಾಗಿತ್ತು.

“ಅಯ್ಯೋ ದೇವರೇ,” ಎಂದಳು ಕೋರಲ್. “ಹದಿನೇಳು ವರ್ಷ ನಾನು ಬಡ್ಕೊಂಡ್ರೂ ಆಗದ್ದನ್ನ ಈ ಕೋಟು ಒಂದೇ ದಿನದಲ್ಲಿ ಮಾಡಿಸಿಬಿಟ್ಟ!”

ಸದ್ದಿನ ಸಮೇತ ಬ್ಯಾಂಡು ನುಡಿಸುವ ದೊಡ್ಡ ಶಾಟು ಕೊನೆಗೆ. ಅದನ್ನು ಒಂದೇ ಏಟಿಗೆ, ನಡುವೆ ಕತ್ತರಿಸದೆ ಹಿಡಿಯಬೇಕಂತೆ. ಅದಕ್ಕೆ ಸರಿಯಾಗಿ ಆಲಿಕಲ್ಲಿನ ಮಳೆ ಶುರುವಾಯಿತು. ತಗಡಿನ ಮಾಡಿನ ಮೇಲೆ ಆ ಸದ್ದಿಗೆ ಯಾರ ಮಾತು ಯಾರಿಗೂ ಕೇಳಿಸದು. ಐದಾಯಿತು. ಮಳೆ ನಿಂತಿತು. ನಾಯಕಿಯ ಕೂದಲು ಸರಿಯಿಲ್ಲವೆಂದು ಇನ್ನೊಂದಿಷ್ಟು ಹೊತ್ತು. ಅವಳು ಬ್ರಿಯಾನಾ ಎಂಬ ಅಮೆರಿಕದ ಹುಡುಗಿ, ಟೀವಿಯಲ್ಲಿ ಹೆಸರು ಮಾಡಿದವಳು. ಮರುದಿನ ಬೆಳಗ್ಗೆಯೇ ಅವಳಿಗೆ ವಿಮಾನ. ಆರಕ್ಕೆ ಇನ್ನು ಸ್ವಲ್ಪವೇ ಇದೆ ಅನ್ನುವಾಗ ಫೆಲಿಕ್ಸ್ ಬಾರಿನ ಬಳಿ ಬಂದ. ಮುಖ ಬಿಳಚಿಕೊಂಡಿತ್ತು.

“ಕೋರಲ್, ಈಗ ತೆಗೀದಿದ್ರೆ ಇನ್ನಿಲ್ಲ. ಆರರ ಗಂಟೆ ಇವತ್ತೊಂದು ದಿನ ಅರ್ಧ ಗಂಟೆ ಮುಂದಕ್ಕೆ ಹಾಕಿ.”

“ಮುಂದಕ್ಕೆ ಹಾಕಕ್ಕೆ ಅದೇನು ಹಲ್ಲು ಕೀಳ್ಸೋ ಕೆಲ್ಸಾನಾ? ಐದಕ್ಕೆ ಮುಗಿಸ್ತೀನಿ ಅಂದೋನು ಯಾರು? ನನ್ನ ಅಜ್ಜಾನಾ?”

“ತಪ್ಪು ನಂದೇ. ಆದ್ರೆ ಹಾಡು ನಿಮ್ಮ ಮಗಳದು.”

ಕೋರಲ್ ತಿರುಗಿ ನೋಡಿದಳು. ವೇದಿಕೆಯ ಮೇಲೆ ಟೆಗನ್ ಕೋಲುಗಳನ್ನು ತೊಡೆಗೆ ಒರೆಸಿಕೊಳ್ಳುತ್ತ, ತಾನಾಗಿ ಒಂದು ಮಾತೂ ಕೇಳದೆ ಕೂತಿದ್ದಳು. ಕೇಳಿದ್ದರೆ ಬೈದುಬಿಡಬಹುದಾಗಿತ್ತು. ಕೇಳದೆ ಕೂತ ಮಕ್ಕಳನ್ನು ಏನು ಮಾಡುವುದು?

ಆಸ್ಪತ್ರೆಗೆ ಫೋನು ಮಾಡಿದಳು. ಮರ್ವ್ ಹೇಳಿದರು:

“ಹಲಗೆ ಮೇಲಿರೋದು ನಿನ್ನ ತಮ್ಮ ಕಣಮ್ಮ. ನನ್ನ ಯಾಕೆ ಕೇಳ್ತೀಯ?”

“ನೀವು ಅಧ್ಯಕ್ಷರಲ್ವಾ? ಬೇಡ ಅನ್ನಕ್ಕಾದ್ರೂ ಬಾಯಿಲ್ವಾ?” ಎಂದು ರೇಗಿ ಫೋನು ಕುಕ್ಕಿದಳು. ಕರೀ ಬಟ್ಟೆಯ ಹತ್ತಿರ ಹೋಗಿ ನಿಂತಳು. “ಒಂದು ದಿನ ಕಣೋ ಲೈಲ್,” ಎಂದು ಬಟ್ಟೆಗೆ ಹೇಳಿದಳು. “ನಿನ್ನ ಸೋದರ ಸೊಸೆ ಹಟ ನಿಂಗೆ ಗೊತ್ತಿಲ್ಲ. ನಿನ್ನದೇ ಹಟ.” ಬಾರಿಗೆ ಬಂದು, ಪಾತ್ರೆ ಒರೆಸುವ ಬಟ್ಟೆಯನ್ನು ಗಂಟೆಯ ನಾಲಿಗೆಗೆ ಸುತ್ತಿ ಗಂಟು ಹಾಕಿದಳು. ಯಾರಾದರೂ ಅಭ್ಯಾಸಬಲದಿಂದ ಹಗ್ಗ ಎಳೆದಾರೆಂಬ ಭಯ. ಎಳೆಯುವವಳು ಬೇರೆ ಯಾರೂ ಅಲ್ಲ, ತಾನೇ. ಜೂಜಿನ ಕೋಣೆಯ ಮುದುಕರಿಗೆ ಹೋಗಿ, ಇವತ್ತು ಆರೂವರೆಗೆ ನಿಲ್ಲುವುದು, ತುಟಿ ಪಿಟಕ್ ಅನ್ನಬಾರದು ಎಂದು ಹೇಳಿ ಬಾಗಿಲು ಹಾಕಿದಳು. ಮಗಳಿಗೆ ಹೇಳಬೇಕೆಂದು ಹೊಳೆಯಲೇ ಇಲ್ಲ. ವೇದಿಕೆಯ ಎದುರಿನ ಗೋಡೆಯಲ್ಲಿ, ಕ್ಯಾಮೆರಾದ ಬೆನ್ನಿಗೆ, ಬಿಯರು ಕಂಪನಿಯವರು ಕೊಟ್ಟ ದೊಡ್ಡ ಗಡಿಯಾರವೊಂದು ಇದೆ ಎಂಬುದೂ ಹೊಳೆಯಲಿಲ್ಲ.

ಫೆಲಿಕ್ಸ್ ಕೈ ಎತ್ತಿದ. ಕ್ಯಾಮೆರಾ ಹೊರಟಿತು.

“ಬಿಳಿ ಒಗೆದಳು ಅಮ್ಮ,” ಎಂದು ಗೋರಾನ್ ಎತ್ತಿಕೊಂಡ. ಹಾಲ್‌ನ ತುಂಬ ಹುಡುಗರು ಈಗ ಬೂಟು ಹಾಕಿಕೊಂಡು, ಬೆಳಗಿನಿಂದ ತಡೆದಿಟ್ಟದ್ದನ್ನೆಲ್ಲ ಕಾಲಿಗೆ ಬಿಟ್ಟು ಕುಣಿದರು. ಬ್ರಿಯಾನಾ ಗುಂಪಿನ ನಡುವೆ ಒಬ್ಬೊಬ್ಬರ ತೋಳು ಹಿಡಿದು ಏನೋ ಬೇಡುತ್ತ ಸಾಗಿದಳು. ಡ್ರಮ್ಮು ಟಕ್ ಟಕ್ ಎನ್ನುತ್ತ ಏರತೊಡಗಿತು. ಬಾರಿನ ಹಿಂದೆ ನಿಂತ ಕೋರಲ್‌ಳ ಕಾಲು ಅದಕ್ಕೆ ಸರಿಯಾಗಿ ಕುಟ್ಟುತ್ತಿತ್ತು. ಇನ್ನೇನು ಹಾಡು ಅರ್ಧ ದಾಟಬೇಕು, ಟೆಗನ್ ಎರಡೂ ಕೋಲು ಮೇಲೆತ್ತಿದಳು. ತಲೆ ಎತ್ತಿ ನೋಡಿದಳು.

ಕೋಲು ಇಳಿಯಲಿಲ್ಲ.

ಅವಳು ಅವನ್ನು ಮೆಲ್ಲಗೆ ಡ್ರಮ್ಮಿನ ಮೇಲೆ ಮಲಗಿಸಿದಳು, ಎದ್ದು ನಿಂತಳು, ಪಡುವಣ ಗೋಡೆಗೆ ತಿರುಗಿದಳು. ಗೋರಾನ್‌ನ ಗಂಟಲು ಅಲ್ಲೇ ಕಟ್ಟಾಯಿತು. ಅವನೂ ಗಡಿಯಾರ ನೋಡಿದ, ತಿರುಗಿದ. ಮುಂದಿನ ಸಾಲಿನವರು, ಅವರ ಹಿಂದಿನವರು, ಎಲ್ಲರೂ ಇದೇ ಕ್ಲಬ್ಬಿನ ಮೇಜಿನ ಕೆಳಗೆ ಬೆಳೆದವರೇ ತಾನೇ? ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಿವಿ ಹರಿಯುತ್ತಿದ್ದ ಹಾಲ್ ಗಪ್‌ಚಿಪ್ಪಾಯಿತು. ಇಡೀ ಗುಂಪು ಬೆವರು ಸುರಿಸುತ್ತ, ಉಸಿರು ಬಿಗಿಹಿಡಿದು, ಬ್ರಿಯಾನಾಳಿಗೆ ಬೆನ್ನು ಹಾಕಿ ಒಂದು ಕರೀ ಬಟ್ಟೆಯನ್ನು ನೋಡುತ್ತ ನಿಂತಿತು.

ಆ ಅಮೆರಿಕದ ಹುಡುಗಿಗೆ ಈ ಪದ್ಧತಿ ಏನು ಗೊತ್ತು? ಅವಳು ಒಬ್ಬನ ಭುಜ ಅಲುಗಿಸಿದಳು. ಅವನು ಕದಲಲಿಲ್ಲ. ಇನ್ನೊಬ್ಬಳ ಮುಖಕ್ಕೆ ಮುಖ ಕೊಟ್ಟು ನೋಡಿದಳು. ಅವಳು ರೆಪ್ಪೆ ಬಡಿಯಲಿಲ್ಲ. ಬ್ರಿಯಾನಾ ಹಿಂದೆ ಹಿಂದೆ ಸರಿದು ಗೋಡೆಗೆ ಒತ್ತಿಕೊಂಡಳು. ಅದು ನಟನೆಯಾಗಿರಲಿಲ್ಲ. ಫೆಲಿಕ್ಸ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಇನ್ನೊಂದು ಕೈಯಿಂದ ಕ್ಯಾಮೆರಾದವನಿಗೆ ‘ನಿಲ್ಲಿಸಬೇಡ, ನಿಲ್ಲಿಸಬೇಡ’ ಎಂದು ಸನ್ನೆ ಮಾಡುತ್ತಿದ್ದ.

ಆ ಹಾಲ್‌ನಲ್ಲಿ ಅಲುಗುತ್ತಿದ್ದ ಇನ್ನೊಂದು ಜೀವವೆಂದರೆ ಕೋರಲ್. ಬಾರಿನ ಹಿಂದಿನಿಂದ ಎರಡೂ ಕೈ ಬೀಸಿ ‘ಹೊಡಿಯೇ! ಹೊಡಿಯೇ ಪೆದ್ದೀ!’ ಎಂದು ತುಟಿಯಲ್ಲೇ ಕಿರುಚುತ್ತಿದ್ದಳು. ಹುಟ್ಟಿದಂದಿನಿಂದ ನಿಲ್ಲಿಸು ನಿಲ್ಲಿಸು ಎಂದರೆ ನಿಲ್ಲಿಸದವಳು, ಬಾರಿಸಲಿ ಎಂದು ತಾಯಿ ತಮ್ಮನ ಮುಂದೆ ಮಾನ ಬಿಟ್ಟ ದಿನವೇ ನಿಲ್ಲಿಸಿ ನಿಂತಿದ್ದಳು! ಟೆಗನ್ ಈ ಕಡೆ ನೋಡಲೇ ಇಲ್ಲ. ಬೆನ್ನು ನೆಟ್ಟಗೆ, ಕೈ ಕೆಳಗೆ, ಗದ್ದ ಮೇಲೆ. ಲೈಲ್ ರೈಲು ಹತ್ತುವ ದಿನ ಹೀಗೇ ನಿಂತಿದ್ದ.

ಕೋರಲ್‌ಳ ಕೈ ಇಳಿಯಿತು. ಎಲ್ಲರೂ ನಿಂತಿದ್ದಾರೆ, ಸಾಲು ಹೇಳುವವರಿಲ್ಲ. ಹೇಳಬೇಕಾದವಳು ಗಂಟೆಗೆ ಬಟ್ಟೆ ಕಟ್ಟಿ ಕೂತಿದ್ದಾಳೆ. ಅವಳು ಬಾರಿನಿಂದ ಹೊರಗೆ ಬಂದಳು, ವೈರುಗಳನ್ನು ದಾಟಿದಳು, ಕ್ಯಾಮೆರಾದ ಎದುರಿನಿಂದಲೇ ಹೋಗಿ ಕರೀ ಬಟ್ಟೆಯನ್ನು ಎಳೆದು ಬಿಸಾಕಿದಳು. ಒಡೆದ ದನಿಯಲ್ಲಿ ನಾಲ್ಕು ಸಾಲು ಹೇಳಿದಳು. ಕೊನೆಯ ಮಾತನ್ನು ಅಷ್ಟೂ ಹುಡುಗರು ಒಂದೇ ಕಂಠದಲ್ಲಿ ಹೇಳಿದರು. ಜೂಜಿನ ಕೋಣೆಯ ಮುಚ್ಚಿದ ಬಾಗಿಲಿನ ಹಿಂದಿನಿಂದಲೂ ಅದೇ ಮಾತು ಬಂತು. ಆ ಮುದುಕರು ಯಾವಾಗ ಇವಳ ಮಾತು ಕೇಳಿದ್ದರು, ಇವತ್ತು ಕೇಳಲಿಕ್ಕೆ?

ಆಮೇಲೆ ಆದದ್ದು ಕಾರು ನಿಲ್ಲಿಸುವ ಜಾಗದಲ್ಲಿ, ಊರಿಗೆಲ್ಲ ಕೇಳುವ ಹಾಗೆ. ಫೆಲಿಕ್ಸ್ ಆಗಲೇ ಕುಣಿದಾಡುತ್ತಿದ್ದ. ಇಂಥ ಭಯ ದುಡ್ಡು ಕೊಟ್ಟರೂ ಸಿಗುವುದಿಲ್ಲ, ಇದೇ ಶಾಟು, ಇನ್ನೊಂದು ಬೇಡ ಎಂದ. ಮೌನಕ್ಕೆ ಮುಂಚೆ ಒಂದಿಷ್ಟು ಗದ್ದಲ ಸಾಕು, ಅಲ್ಲಿಗೆ ಯಾವುದಾದರೂ ಹೆಸರಿರುವ ಬ್ಯಾಂಡಿನದು ಹಾಕಿಕೊಳ್ಳುತ್ತೇನೆ ಎಂದ. ಅರ್ಧ ಹಾಡು ಯಾರಿಗೆ ಬೇಕು? ಬ್ರಿಯಾನಾ ಒಂದು ಕಂಬಳಿ ಹೊದ್ದು ಅಳುತ್ತ ಹೊರಟುಹೋದಳು.

“ಯಾಕೇ ನಿಲ್ಲಿಸ್ದೆ?” ಎಂದು ಕೋರಲ್ ಕೂಗಿದಳು. “ಗಂಟೆ ಹೊಡೀತಾ? ಕಿವೀಗೆ ಬಿತ್ತಾ ನಿಂಗೆ ಗಂಟೆ?”

“ಆರಾಗಿತ್ತಲ್ಲಮ್ಮ.”

“ಆರಾದ್ರೆ? ನಾನು ನಾಲಿಗೆಗೆ ಬಟ್ಟೆ ಕಟ್ಟಿದ್ದು ಯಾರಿಗೋಸ್ಕರ? ನಿನ್ನ ಹಾಳು ಹಾಡಿಗೋಸ್ಕರ ಕಣೇ!”

ಟೆಗನ್ ಬೆಪ್ಪಾಗಿ ನೋಡಿದಳು. “ನೀನಾ? ನೀನು ಗಂಟೆ ಕಟ್ದ್ಯಾ?”

“ಹೂಂ, ನಾನೇ! ಮಾಮನ ಮುಂದೆ ಮುಖ ಇಲ್ದ ಹಾಗೆ ಮಾಡ್ಕೊಂಡೆ.”

“ನಿನ್ನ ಯಾರು ಕೇಳಿದ್ರು?”

“ನಿನ್ನ ಯಾರು ನಿಲ್ಲಿಸು ಅಂದ್ರು?”

“ನೀನೇ!” ಎಂದಳು ಟೆಗನ್. ಈಗ ಅವಳ ದನಿಯೂ ಏರಿತ್ತು. “ಗಂಟೆ ಹೊಡೀದಿದ್ರೆ ಆರು ಗಂಟೆ ಆಗಲ್ವಾ ಅಂದೋಳು ನೀನೇ. ಕಿವಿ ಹಿಂಡ್ದೋಳು ನೀನೇ. ನಾನು ಬಾರಿಸ್ತಾ ಇದ್ದಿದ್ರೆ ನನ್ನ ಚರ್ಮ ಸುಲೀತಿದ್ದೆ!”

ರಾತ್ರಿ ಪಾಳಿಗೆ ಹೊರಟಿದ್ದ ಕ್ಲಿಫ್ ಊಟದ ಡಬ್ಬಿ ಹಿಡಿದು ಇಬ್ಬರ ನಡುವೆ ನಿಂತಿದ್ದ. “ಮಾಡಿದ್ದುಣ್ಣೋ ಮಹಾರಾಯ ಅಂದ್ರೆ ಇದೇ,” ಎಂದು ನಗಲು ಹೋದ. ಇಬ್ಬರೂ ತಿರುಗಿ ಅವನ ಮೇಲೆ ಬಿದ್ದರು.

ಟೆಗನ್ ಸೂಪರ್ ಮಾರ್ಕೆಟ್ಟಿನ ಗಲ್ಲಾದಲ್ಲಿ ಕೂತಳು. ಮಾತು ಮಾತೇ ಅಲ್ಲವೇ? ಊರಾಚೆ ಒಬ್ಬ ಬೇಕೆನ್ನಬೇಕಾಗಿತ್ತು, ಆ ಒಬ್ಬ ಬೇಡವೆಂದ. ಅವಳು ಜಗಳವಾಡಲಿಲ್ಲ, ಅತ್ತೂ ಕರೆಯಲಿಲ್ಲ. ಡ್ರಮ್ಮಿನ ಮೇಲೆ ಹಳೆಯ ಚಾದರ ಹೊದಿಸಿದಳು. ಕಾರು ಗ್ಯಾರೇಜಿಗೆ ವಾಪಸು ಬಂತು. ಮನೆ ಎಷ್ಟು ತಣ್ಣಗಾಯಿತೆಂದರೆ ಕ್ಲಿಫ್‌ಗೆ ಹಗಲು ನಿದ್ದೆ ಹತ್ತದಾಯಿತು. ಕೋರಲ್ ಪಾತ್ರೆ ಕುಕ್ಕುವಳು, ಬಾಗಿಲು ಬಡಿಯುವಳು, ರೇಡಿಯೋ ಜೋರು ಮಾಡುವಳು. ಬೇಕಾದ ಸದ್ದು ಅದಾವುದೂ ಅಲ್ಲ ಎಂದು ಅವಳಿಗೇ ಗೊತ್ತಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು.

ಸಿನಿಮಾ ಬಂದಾಗ ಊರಿನವರೆಲ್ಲ ಪಕ್ಕದ ನಗರ ವುಲಂಗಾಂಗಿಗೆ ಹೋಗಿ ನೋಡಿದರು. ದೇಶದ ಪತ್ರಿಕೆಗಳೆಲ್ಲ ಆ ಒಂದು ದೃಶ್ಯದ ಬಗ್ಗೆ ಬರೆದಿದ್ದವು. ರಾಕ್ ಸಂಗೀತ ಹಠಾತ್ತನೆ ಕಡಿದು, ಊರಿಗೆ ಊರೇ ಒಬ್ಬ ಹುಡುಗಿಗೆ ಬೆನ್ನು ಹಾಕುವ ಆ ಮೌನ ನಿರ್ದೇಶಕನ ಪ್ರತಿಭೆಯಂತೆ. ದೃಶ್ಯ ಬಂತು. ಬೇರೆ ಯಾರದೋ ಗಿಟಾರು ಅಬ್ಬರಿಸಿತು, ಪರದೆಯ ಮೇಲೆ ಟೆಗನ್ ಕೋಲು ಇಳಿಸಿ ಎದ್ದಳು, ಸದ್ದಡಗಿತು. ಎಲ್ಲೋ ಹಿಂದಿನ ಸಾಲಿನಲ್ಲಿ ಸೀಟೊಂದು ಟಪ್ಪೆಂದಿತು. ಆಮೇಲೆ ಇನ್ನೊಂದು. ಕೆಂಬ್ಲಾದವರು ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಿದ್ದರು.

“ಕೂತ್ಕೊಳ್ರೋ! ಸಿನಿಮಾ ಇದು!” ಎಂದು ಕೋರಲ್ ಹಲ್ಲು ಕಡಿದಳು. ನೋಡಿಕೊಂಡರೆ ತಾನೂ ನಿಂತಿದ್ದಳು.

ಪಕ್ಕದಲ್ಲಿ ಟೆಗನ್ ಎದ್ದಿರಲಿಲ್ಲ. ಪರದೆ ನೋಡುತ್ತಿರಲೂ ಇಲ್ಲ. ಅವಳ ಬೆರಳುಗಳು ಸೀಟಿನ ಕೈ ಮೇಲೆ ಸದ್ದಿಲ್ಲದೆ ಓಡುತ್ತಿದ್ದವು. ನಿಂತಲ್ಲಿಂದ ಮುಂದಕ್ಕೆ, ಹಾಡಿನ ಉಳಿದ ಅರ್ಧ. ಕೋರಲ್ ಆ ಬೆರಳುಗಳನ್ನು ನೋಡಿದಳು. ದೃಶ್ಯ ಮುಗಿದು ಬೇರೊಂದು ಶುರುವಾದರೂ ಅವು ನಿಲ್ಲಲಿಲ್ಲ, ಅವಳೂ ಕೂರಲಿಲ್ಲ. ಹಿಂದಿನವನು ಪಾಪ್‌ಕಾರ್ನ್ ಎಸೆದ ಮೇಲೇ ಕೂತದ್ದು.

ಮುಂದಿನ ಶುಕ್ರವಾರ ಟೆಗನ್ ಕೆಲಸ ಮುಗಿಸಿ, ಗಲ್ಲಾದ ಸಮವಸ್ತ್ರದಲ್ಲೇ ಕ್ಲಬ್ಬಿಗೆ ಬಂದಾಗ ವೇದಿಕೆಯ ಮೇಲೆ ಅವಳ ಡ್ರಮ್ಮು ಇತ್ತು. ಕ್ಲಿಫ್ ಅದನ್ನು ಹೊತ್ತು ತಂದು, ಒಂದನ್ನೂ ಸರಿಯಾದ ಜಾಗದಲ್ಲಿಡದೆ, ಬೆವರು ಒರೆಸಿಕೊಳ್ಳುತ್ತಿದ್ದ. ಗೋರಾನ್ ಮತ್ತು ಉಳಿದಿಬ್ಬರು ಪಿಳಿಪಿಳಿ ನೋಡುತ್ತಿದ್ದರು. ಊರುಗೋಲು ಹಿಡಿದು ಬರುತ್ತಿದ್ದ ಮರ್ವ್‌ಗೆ ಯಾರೋ ಕುರ್ಚಿ ಕೊಟ್ಟರು.

“ಏನಮ್ಮ ಇದು?”

“ಕೂತ್ಕೋ. ಪ್ರಶ್ನೆ ಬೇಡ. ಬೆಳಗ್ಗಿಂದ ನಂಗೆ ಸಾಕಾಗಿದೆ.”

ಆರಾಯಿತು. ಕೋರಲ್ ಗಂಟೆ ಬಾರಿಸಿದಳು. ದೀಪ ಮಂಕಾಯಿತು, ಎಲ್ಲರೂ ನಿಂತರು, ಸಾಲು ಹೇಳಿದರು, ಮೌನ ನಡೆಯಿತು. ಮೌನ ಮುಗಿದ ಮೇಲೆ ಜನ ಗ್ಲಾಸಿಗೆ ಕೈ ಹಾಕುವ ಮೊದಲೇ ಅವಳು ವೇದಿಕೆಗೆ ತಿರುಗಿದಳು.

“ಹೂಂ, ಹೊಡಿ.”

“ಏನು ಹೊಡೀಲಿ?”

“ಏನು ಅಂದ್ರೆ? ಅವತ್ತು ಎಲ್ಲಿ ನಿಲ್ಲಿಸಿದ್ಯೋ ಅಲ್ಲಿಂದ ಹೊಡಿ.”

ಟೆಗನ್ ಗೋರಾನ್‌ನನ್ನು ನೋಡಿದಳು. ಎರಡೂ ಕೋಲು ಮೇಲೆತ್ತಿದಳು, ಈ ಸಲ ಇಳಿಸಿದಳು. ಗ್ಲಾಸುಗಳು ಅದುರಿದವು. ಜೂಜಿನ ಮೆಷಿನ್ನುಗಳು ಅದುರಿದವು. ಹಲಗೆಯ ಕೆಳಗಿನ ಪುಟ್ಟ ದೀಪದ ಗಾಜು ಕಿಣಿಕಿಣಿ ಅಂದಿತು. ಬಾಗಿಲು ತಟ್ಟುತ್ತಿದ್ದದ್ದು ಈಗ ಬಾಗಿಲು ಮುರಿದುಕೊಂಡೇ ಒಳಗೆ ಬಂತು. ಕೋರಲ್ ಗಂಟೆಯ ಹಗ್ಗ ಹಿಡಿದುಕೊಂಡೇ, ಕೊನೆಯ ಏಟಿನ ತನಕ, ಒಂದು ಸಲವೂ ಬಾಯಿ ತೆರೆಯದೆ ಕೇಳಿದಳು. ಮುಗಿದಾಗ ಅವಳ ಮುಖ ಒದ್ದೆಯಾಗಿತ್ತು, ಆದ್ದರಿಂದ ಇನ್ನೂ ಸಿಟ್ಟು ಬಂದಿತ್ತು.

“ಇಷ್ಟು ದಿನ ಎಲ್ಲಿತ್ತೇ ಇದು?”

“ಗ್ಯಾರೇಜಲ್ಲೇ ಇತ್ತಮ್ಮ. ನೀನು ಅಲ್ಲೀತನಕ ಬಿಟ್ಟಿಲ್ಲ, ಅಷ್ಟೇ.”

ಕೋರಲ್ ಗಂಟೆಯ ಹಗ್ಗವನ್ನು ಮೊಳೆಗೆ ಸುತ್ತಿದಳು. ಬಿಚ್ಚಿದಳು. ಮತ್ತೆ ಸುತ್ತಿದಳು.

“ಸೋಮವಾರ ನಂಗೆ ರಜ ಇದೆ,” ಎಂದಳು. “ಸಿಡ್ನಿಗೆ ಹೋಗೋದಾದ್ರೆ ಬೆಳಗ್ಗೆ ಬೇಗ ಎದ್ದಿರು. ಆ ದರಿದ್ರ ಡ್ರಮ್ಮು ಕಾರಿಗೆ ತುಂಬಕ್ಕೇ ಅರ್ಧ ದಿನ ಬೇಕು.”